ಕೆರೆ ಏಡಿ, ಗದ್ದೆ ಏಡಿ
ಭಾನುವಾರ ದಾವಣಗೆರೆ ಸಂತೇಲಿ ಚನ್ನಗಿರಿ ಕಡೆಯ ಅಕ್ಕ ಒಬ್ರು ಏಡಿಯನ್ನು ಎರಡು ಬಕೆಟ್‌ ಮಾಡಿಟ್ಟಿದ್ರು. ಒಂದು ಸೂಳೆಕೆರೆದು, ಇನ್ನೊಂದು ಭದ್ರಾ ನಾಲೆ ಗದ್ದೆದು. ನನ್ನ ಕಣ್ಣಿಗೆ ಎರಡೂ ಒಂದೇ. "ಬೆನ್ನು ನೋಡ್ರಿ ಅಣ್ಣಾ, ಗದ್ದೇದು ಕಪ್ಪು" ಅಂತ ಒಂದನ್ನ ಹಿಂದಿನಿಂದ ಹಿಡಿದು ತಿರುಗಿಸಿದ್ರು. ಹೌದು, ಕೆಸರು ಮೆತ್ತಿದಂಥ ಕಪ್ಪು. ಅಥವಾ ಕೆಸರೇ ಇತ್ತೋ ಏನೋ!

ಬಣ್ಣದ ಮಾತಿಗೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ದೈತ್ಯ ಕ್ರೇಫಿಶ್ ನೆನಪಾಯ್ತು. ಸೀಗಡಿಯಂಥ ಉದ್ದ ಮೈ, ಏಡಿಯಂಥ ದಪ್ಪ ಕೈ. ಸಿಹಿನೀರಿನ ಬೆನ್ನುಮೂಳೆಯಿಲ್ಲದ ಜೀವಿಗಳಲ್ಲೇ ದೊಡ್ಡದು. ಹಿಂದೆ 6 ಕೆಜಿವರೆಗೂ ತೂಗುತ್ತಿತ್ತಂತೆ. ಒಂದೇ ಜಾತಿ, ಆದ್ರೆ ಬಣ್ಣ ಕಂದು-ಹಸಿರಿನಿಂದ ಕಪ್ಪು, ನೀಲಿವರೆಗೆ. ಹೆಣ್ಣು ಮೊದಲ ಸಲ ಮರಿ ಮಾಡೋಕೆ ಅದಕ್ಕೆ ಸುಮಾರು 14 ವರ್ಷ ಆಗಬೇಕು. ಅಷ್ಟರೊಳಗೆ ಹಿಡಿದು ತಿಂದ್ರೆ ಉಳಿಯೋದೆಲ್ಲಿಂದ? 1998ರಿಂದ ಹಿಡಿಯೋದೇ ನಿಷೇಧ. ದಡದ ಮರ ಕಡಿದು ಹೊಳೆಗೆ ಹೂಳು ಬರೋ ಕಾಟ ಬೇರೆ.

ಎರಡೂ ಬಕೆಟ್‌ನಿಂದ ಅರ್ಧರ್ಧ ಕೆಜಿ ತಂದೆ. ಗುರುತಿಟ್ಟು ತಿನ್ನೋಣ ಅಂತಿದ್ದೆ. ಸಾರು ಕುದಿಯೋ ಹೊತ್ತಿಗೆ ಎಲ್ಲಾ ಕೆಂಪು.