ಅಜ್ಜಿಯ ಮದುವೆ, ಮೊಮ್ಮಗುವಿನ ಎತ್ತರ

"ನಮ್ಮಜ್ಜಿಗೆ ಹನ್ನೆರಡಕ್ಕೇ ಮದುವೆಯಾಗಿತ್ತು, ಎಂಟು ಹೆತ್ತು ತೊಂಬತ್ತರವರೆಗೆ ಗಟ್ಟಿಯಾಗಿಯೇ ಇದ್ದರು. ಈಗೇಕೆ ಇಷ್ಟೊಂದು ಕಾನೂನು, ಮೇಡಂ?" ಅಂಗನವಾಡಿ ಮೇಲ್ವಿಚಾರಕಿಯಾಗಿ ನಾನು ಕೆಲಸ ಮಾಡಿದ ಊರುಗಳಲ್ಲೆಲ್ಲ ಈ ಪ್ರಶ್ನೆ ಎದುರಾಗಿದೆ. ಎಂಟರಲ್ಲಿ ಎಷ್ಟು ಉಳಿದವು ಎಂದು ಕೇಳಿದರೆ ಲೆಕ್ಕ ಐದಕ್ಕೋ ನಾಲ್ಕಕ್ಕೋ ಇಳಿಯುತ್ತದೆ. ಮೊದಲ ಹೆರಿಗೆಯಲ್ಲೇ ತೀರಿಕೊಂಡ ಅಜ್ಜಿಯ ತಂಗಿಯ ಮಾತೂ ಆಗಲೇ ಹೊರಬರುತ್ತದೆ.

ಹದಿನಾರರ ಹುಡುಗಿಯ ಮೈ ಇನ್ನೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ಗರ್ಭ ನಿಂತರೆ ಅವಳು ಉಂಡ ಅನ್ನಕ್ಕೆ, ಅದರಲ್ಲಿನ ಕಬ್ಬಿಣಾಂಶಕ್ಕೆ, ಸುಣ್ಣದಂಶಕ್ಕೆ ಎರಡು ಜೀವಗಳು ಪೈಪೋಟಿಗೆ ನಿಲ್ಲುತ್ತವೆ. ಅದರ ಮೇಲೆ ಅವಳು ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಹೊಸ ಸೊಸೆಯೂ ಆಗಿದ್ದರೆ, ಕೂಸು ಎರಡೂವರೆ ಕಿಲೋ ಮುಟ್ಟದೆ ಹುಟ್ಟುವ ಸಂಭವ ಹೆಚ್ಚು. ಹೀಗೆ ಹಿಂದೆ ಬಿದ್ದ ಮಗು ಮೊದಲ ಸಾವಿರ ದಿನಗಳಲ್ಲಿ, ಅಂದರೆ ಗರ್ಭ ನಿಂತಾಗಿನಿಂದ ಎರಡು ವರ್ಷ ತುಂಬುವುದರೊಳಗೆ, ಚೇತರಿಸಿಕೊಳ್ಳದಿದ್ದರೆ ಆಮೇಲೆ ಎಷ್ಟು ಉಣಿಸಿದರೂ ಆ ಕೊರತೆ ಪೂರ್ತಿ ತುಂಬುವುದು ಕಷ್ಟ. ಎರಡು ವರ್ಷದ ಹೆಣ್ಣುಮಗುವಿನ ಉದ್ದ ಸುಮಾರು 86 ಸೆಂ.ಮೀ. ಇರಬೇಕು, 80ಕ್ಕಿಂತ ಕಡಿಮೆಯಿದ್ದರೆ ಬೆಳವಣಿಗೆ ಕುಂಠಿತವಾಗಿದೆ ಎಂದು ಬರೆದುಕೊಳ್ಳುತ್ತೇವೆ. ಬಡತನ, ಕೊಳಕು ನೀರು, ಮೇಲಿಂದ ಮೇಲೆ ಬರುವ ಭೇದಿ ಕೂಡ ಇದಕ್ಕೆ ಕಾರಣಗಳೇ, ಎಲ್ಲವನ್ನೂ ಮದುವೆಯ ತಲೆಗೆ ಕಟ್ಟುವಂತಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ಹೀಗೆ ಕುಂಠಿತರು. 20–24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 21.4 ಇತ್ತು. ಕದಲಿದ್ದು ಅಷ್ಟೇ.

ಕಾನೂನು ಹೊಸದೇನಲ್ಲ; ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು 1894ರಲ್ಲೇ ನಿಷೇಧಿಸಿತ್ತು. 2006ರ ಕೇಂದ್ರ ಕಾಯ್ದೆಯಡಿ ಬಾಲ್ಯವಿವಾಹ ರದ್ದಾಗಬೇಕಾದರೆ ಅರ್ಜಿ ಹಾಕಬೇಕು. ನಮ್ಮ ರಾಜ್ಯದಲ್ಲಿ 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು.

ಮದುವೆ ಅಸಿಂಧುವಾದರೂ ಬಸಿರು ನಿಲ್ಲುವುದಿಲ್ಲ, ನನ್ನ ತಕರಾರು ಇರುವುದು ಇಲ್ಲಿ. ಅಪ್ರಾಪ್ತೆ ಗರ್ಭಿಣಿಯೆಂದು ಗೊತ್ತಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ಭಯಕ್ಕೆ ಮನೆಯವರು ಹುಡುಗಿಯನ್ನು ಬಚ್ಚಿಡುತ್ತಾರೆ, ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಯೋಜನೆಯ ಬಿಸಿಯೂಟವೂ ಕಬ್ಬಿಣದ ಮಾತ್ರೆಯೂ ಬೇಕಾದ ಹೊತ್ತಿನಲ್ಲಿ ಅವಳಿಗೆ ಸಿಗುವುದಿಲ್ಲ. ಆದ್ದರಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದಿದ್ದರೆ ಚಪ್ಪರ ಹಾಕುವ ಮುಂಚೆ ಮಾಡಿ ಎಂದು ಊರವರನ್ನು ಅಂಗಲಾಚುತ್ತೇನೆ.

ಒಬ್ಬ ಹುಡುಗಿ ಐದನೇ ತಿಂಗಳಲ್ಲಿ ಬಂದು ಹೆಸರು ಬರೆಸಿದಳು. ತಾಯಿ ಕಾರ್ಡಿನಲ್ಲಿ ವಯಸ್ಸು 19; ಟ್ರಂಕಿನಲ್ಲಿದ್ದ ಶಾಲೆಯ ಟಿ.ಸಿ. ಪ್ರಕಾರ 16. ಅವಳ ಮಗಳಿಗೆ ಎರಡು ತುಂಬುವ ವಾರ ಹಲಗೆಯ ಮೇಲೆ ಮಲಗಿಸಿ ಅಳೆದೆವು; ಅಳುತ್ತಿದ್ದ ಕೂಸಿನ ತಲೆಯನ್ನು ಅವಳೇ ಒತ್ತಿ ಹಿಡಿದಿದ್ದಳು. 77 ಸೆಂ.ಮೀ. ಬಂತು. ಕಾರ್ಡಿನಲ್ಲಿ ಬರೆಸಿದ್ದ ಹತ್ತೊಂಬತ್ತು ಅವಳಿಗೆ ನಿಜವಾಗಿ ತುಂಬಲು ಆ ದಿನಕ್ಕೂ ಇನ್ನೂ ಮೂರು ತಿಂಗಳು ಬಾಕಿಯಿತ್ತು.