ಐದು ಟನ್ ‘ಅಕ್ಕಿ’, ಒಂದು ಚಿಮಣಿ

“ಅಲ್ಲ ಮಾರಾಯ್ತಿ, ಅಮೆರಿಕಕ್ಕೆ ಹೋಗಿ ಕಲ್ಲಿದ್ದಲು ಉರಿಸ್ತೀರಾ?”

ಹೊಸ ಮನೆಯ ಸುದ್ದಿ ಹೇಳಿದಾಗ ಅಮ್ಮ ಮೊದಲು ಕೇಳಿದ್ದು ಇದನ್ನೇ. ತೀರ್ಥಹಳ್ಳಿಯ ಮನೆಯಲ್ಲಿ ಬಚ್ಚಲ ಒಲೆಗೆ ಸೌದೆ ತುರುಕಿ ತುರುಕಿ ಸಾಕಾಗಿ ಅವಳು ಸೋಲಾರ್ ಹಾಕಿಸಿಕೊಂಡವಳು. ಮಗಳು ವಾಪಸ್ ಒಲೆಗೇ ಬಂದಳಲ್ಲ ಅಂತ ಬೇಜಾರು.

ನಾವಿರುವುದು ಪೆನ್ಸಿಲ್ವೇನಿಯಾದ ಪಾಟ್ಸ್‌ವಿಲ್ ಹತ್ತಿರ, ಒಂದು ಗುಡ್ಡದ ಮೇಲೆ. ಇಲ್ಲಿನ ನೆಲದಡಿ ಸಿಗುವುದು ಆಂಥ್ರಸೈಟ್, ಕಲ್ಲಿದ್ದಲಿನಲ್ಲೇ ಅತಿ ಗಟ್ಟಿಯಾದದ್ದು. ಹೊತ್ತಿಸುವುದು ಕಷ್ಟ, ಹೊತ್ತಿದರೆ ಬೇಗ ಆರುವುದಿಲ್ಲ. ಇದು ಉರಿಯುವುದೇ ಇಲ್ಲ ಅಂತ ಜನ ನಂಬಿದ್ದ ಕಾಲದಲ್ಲಿ, 1808ರಲ್ಲಿ, ವಿಲ್ಕ್ಸ್‌ಬ್ಯಾರಿಯ ಜೆಸ್ಸಿ ಫೆಲ್ ಎಂಬಾತ ಕಬ್ಬಿಣದ ಸರಳುಗಳ ಮೇಲೆ ಇಟ್ಟು ಉರಿಸಿ ತೋರಿಸಿದ. 1917ರ ಹೊತ್ತಿಗೆ ವರ್ಷಕ್ಕೆ ಸುಮಾರು 10 ಕೋಟಿ ಟನ್ ಅಗೆದು ತೆಗೆಯುತ್ತಿದ್ದರಂತೆ. ಈಗ ತೆಗೆಯುವುದು ಅದರಲ್ಲಿ ಒಂದು ಚೂರು ಅಷ್ಟೇ. ಇದೇ ಸೀಮೆಯ ಸೆಂಟ್ರೇಲಿಯಾ ಎಂಬ ಊರಿನಡಿಯ ಗಣಿಗೆ 1962ರಲ್ಲಿ ಹತ್ತಿದ ಬೆಂಕಿ ಮಾತ್ರ ಇನ್ನೂ ಆರಿಲ್ಲ.

ಚಳಿಗಾಲದಲ್ಲಿ ಹೊಸ ಮನೆ ಬೆಚ್ಚಗಿಡಲು ಇದೇ ಯಾಕೆ? ಗ್ಯಾಸ್ ಪೈಪು ನಮ್ಮ ಗುಡ್ಡ ಹತ್ತಿಲ್ಲ. ಮನೆ ಬಿಸಿ ಮಾಡಲು ಉರಿಸುವ ಎಣ್ಣೆ ಅಂದರೆ ಪ್ರತಿ ಚಳಿಗಾಲವೂ ಬೆಲೆ ನೋಡಿಕೊಂಡು ಎದೆ ಹಿಡಿದುಕೊಳ್ಳುವುದು. ಒಂದು ಟನ್ ಆಂಥ್ರಸೈಟ್ ಕೊಡುವ ಬಿಸಿ ಸುಮಾರು 180 ಗ್ಯಾಲನ್, ಅಂದರೆ 680 ಲೀಟರ್ ಎಣ್ಣೆಗೆ ಸಮ. ಗಣಿಯಿರುವ ಊರಲ್ಲೇ ಇದ್ದುಕೊಂಡು ಲೆಕ್ಕ ಹಾಕಿದರೆ ಕಲ್ಲಿದ್ದಲೇ ಅಗ್ಗ ಬಂತು.

ಹೊರಗಿನ ಗಾಳಿಯ ಬಿಸಿಯನ್ನೇ ಕರೆಂಟಿನಿಂದ ಒಳಗೆ ಎಳೆದು ತರುವ ಹೀಟ್ ಪಂಪ್ ಹಾಕಬಾರದಿತ್ತಾ ಅಂತ ಬಹಳ ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅಷ್ಟೇ ಬಿಸಿಗೆ ಕಲ್ಲಿದ್ದಲು ಗ್ಯಾಸಿನ ಹತ್ತಿರ ಹತ್ತಿರ ಎರಡರಷ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದನ್ನು ಮುಚ್ಚಿಟ್ಟು ನಾನು ಶಹಬ್ಬಾಸ್ ಅನ್ನಿಸಿಕೊಳ್ಳಲಾರೆ. ಕೊನೆಗೆ ಎರಡನ್ನೂ ಹಾಕಿಸಿದೆವು. ಸಣ್ಣ ಚಳಿಗೆ ಪಂಪು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಲ್ಲಿದ್ದಲು.

ಪಕ್ಕದ ಮನೆಯ ಅಜ್ಜ ಇಲ್ಲದಿದ್ದರೆ ನಾವು ಏನೇನು ಎಡವುತ್ತಿದ್ದೆವೋ. ಅವರ ಅಪ್ಪ ಗಣಿಯಲ್ಲಿ ದುಡಿದವರು. ಮೊದಲ ದಿನ ನನ್ನ ಅಂಗೈ ಮೇಲೆ ಒಂದು ತುಂಡು ಇಟ್ಟರು. ಗಾಜಿನ ಹಾಗೆ ಮಿಂಚುತ್ತಿತ್ತು, ಒಡೆದ ಕಡೆ ಚೂಪಾಗಿತ್ತು. “ಉಜ್ಜಿ ನೋಡು” ಅಂದರು. ಬಿಳಿ ಕರ್ಚೀಫಿನಿಂದ ಉಜ್ಜಿದೆ. ಮಸಿ ಹತ್ತಿದೆ ಅನ್ನುವಷ್ಟೂ ಹತ್ತಲಿಲ್ಲ. ನಮ್ಮ ಇದ್ದಿಲನ್ನು ಮುಟ್ಟಿದರೆ ಮೊಣಕೈವರೆಗೂ ಕಪ್ಪಾಗುತ್ತದಲ್ಲ, ಅದರ ಜಾತಿಯೇ ಬೇರೆ.

ಇಲ್ಲಿ ಇದನ್ನು ತುಂಡಿನ ಗಾತ್ರದ ಮೇಲೆ ಮಾರುತ್ತಾರೆ. ದೊಡ್ಡದಕ್ಕೆ ‘ನಟ್’, ಅದಕ್ಕಿಂತ ಸಣ್ಣದು ‘ಪೀ’, ಇನ್ನೂ ಸಣ್ಣದು ‘ಬಕ್‌ವೀಟ್’, ಆಮೇಲೆ ‘ರೈಸ್’. ಅಕ್ಕಿ ಅಂತಾರೆ, ನಿಜಕ್ಕೆ ಕಡಲೆಬೇಳೆಯಷ್ಟು ದಪ್ಪ! ಯಾವ ಒಲೆ ಅಂತ ತೀರ್ಮಾನಿಸಿದರೆ ಯಾವ ಗಾತ್ರ ಅನ್ನುವುದೂ ತೀರ್ಮಾನವಾದ ಹಾಗೆ.

ಕೈಯಲ್ಲಿ ತುಂಬುವ ಒಲೆಗೆ ನಟ್ ಬೇಕು. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಸರಳು ಅಲ್ಲಾಡಿಸಿ ಬೂದಿ ಉದುರಿಸಿ ಹೊಸದು ಹಾಕಬೇಕು. ಹಾಕುವಾಗ ಕೆಂಡವನ್ನು ಪೂರ್ತಿ ಮುಚ್ಚಬಾರದು. ಒಂದು ಮೂಲೆಯಲ್ಲಿ ನೀಲಿ ಉರಿ ಕಾಣುತ್ತಲೇ ಇರಬೇಕು. ಇಲ್ಲದಿದ್ದರೆ ಒಳಗೆ ಗ್ಯಾಸ್ ತುಂಬಿ ಆಮೇಲೆ ‘ಧಪ್’ ಅಂತ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಒಲೆಯ ಬಾಗಿಲೇ ತೆರೆದುಕೊಂಡದ್ದನ್ನು ಅಜ್ಜ ಕಣ್ಣಾರೆ ನೋಡಿದ್ದಾರಂತೆ. ಈ ಒಲೆಯ ದೊಡ್ಡ ಗುಣ ಅಂದರೆ ಕರೆಂಟ್ ಬೇಡ.

ಇನ್ನೊಂದು ಸ್ಟೋಕರ್. ಮೇಲಿನ ಡಬ್ಬಕ್ಕೆ ರೈಸ್ ಸುರಿದರೆ ಮೋಟಾರು ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ, ಫ್ಯಾನು ಗಾಳಿ ಊದುತ್ತದೆ, ಬೂದಿ ಇನ್ನೊಂದು ತುದಿಯಲ್ಲಿ ತಾನೇ ಬೀಳುತ್ತದೆ. ಥರ್ಮೋಸ್ಟಾಟ್ ಹೇಳಿದಷ್ಟೇ ಉರಿ. ಆದರೆ ಕರೆಂಟ್ ಹೋದರೆ ಮುಗೀತು.

ನನ್ನ ಗಂಡನಿಗೆ ಕೈ ಒಲೆಯ ಮೇಲೆ ಮನಸ್ಸಿತ್ತು. ಗಂಡಸರಿಗೆ ಬೆಂಕಿ ಕೆದಕುವುದು ಅಂದರೆ ಏನೋ ಖುಷಿ. ನಾನು ಕೇಳಿದ್ದು ಒಂದೇ ಮಾತು: “ಬೆಳಿಗ್ಗೆ ಆರಕ್ಕೆ ಯಾರು ಏಳ್ತಾರೆ?” ಅವರು ಅಷ್ಟು ಹೊತ್ತಿಗೆ ಹ್ಯಾರಿಸ್‌ಬರ್ಗ್ ದಾರಿ ಹಿಡಿದಿರುತ್ತಾರೆ, ನಾನು ಲ್ಯಾಬಿನಲ್ಲಿ ನೈಟ್ ಶಿಫ್ಟ್ ಮುಗಿಸುತ್ತಿರುತ್ತೇನೆ. ಅಲ್ಲಿಗೆ ಸ್ಟೋಕರ್ ಗೆದ್ದಿತು. ಕರೆಂಟಿನ ಚಿಂತೆಗೆ ಬೆಂಗಳೂರಿನ ಮದ್ದನ್ನೇ ಮಾಡಿದೆವು, ಬ್ಯಾಟರಿ ಇಟ್ಟು ಒಂದು ಯುಪಿಎಸ್. ಕೆಲಸಕ್ಕೆ ಬಂದವನು ಅದನ್ನು ವಿಚಿತ್ರ ಪ್ರಾಣಿಯ ಹಾಗೆ ನೋಡಿದ.

ನಾವು ಎಡವಿದ್ದು ಚಿಮಣಿಯಲ್ಲಿ. ಮನೆ ಕಟ್ಟುವವರು ಕೊಟ್ಟ ನಕ್ಷೆಯಲ್ಲಿ ಚಿಮಣಿಯೇ ಇರಲಿಲ್ಲ. “ಆಮೇಲೆ ಹೊರಗಡೆಯಿಂದ ಪೈಪ್ ಏರಿಸಿದರಾಯ್ತು” ಅಂದರು. ನಾವೂ ಹೂಂ ಅಂದೆವು. ಅಡಿಪಾಯ ಬಿದ್ದ ಮೇಲೆ ಅಜ್ಜ ಬಂದು ನೋಡಿ ತಲೆ ಚಚ್ಚಿಕೊಂಡರು. ಹೊರಗಿನ ಚಿಮಣಿ ತಣ್ಣಗಿರುತ್ತದೆ, ತಣ್ಣಗಿದ್ದರೆ ಹೊಗೆ ಎಳೆಯುವುದಿಲ್ಲ. ಆಂಥ್ರಸೈಟಿಗೆ ಕಣ್ಣಿಗೆ ಕಾಣುವ ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಮನೆಯೊಳಗೆ ಬಂದರೂ ಕೆಮ್ಮು ಬಂದು ಎಚ್ಚರಿಸುವುದಿಲ್ಲ. ಮಲಗಿದವರು ಮಲಗಿದಲ್ಲೇ. ಮತ್ತೆ ನಕ್ಷೆ ತಿದ್ದಿಸಿ, ಮನೆಯ ನಡುವೆ ಇಟ್ಟಿಗೆಯ ಚಿಮಣಿ ಎಬ್ಬಿಸಿದ್ದಕ್ಕೆ ಆರು ವಾರ ತಡ, ದುಡ್ಡು ಬೇರೆ. ಒಂದೊಂದು ಮಹಡಿಗೂ ಆ ಅನಿಲ ಪತ್ತೆ ಹಚ್ಚುವ ಅಲಾರಂ ಇಟ್ಟಿದ್ದೇವೆ. ಹೊಸ ಮನೆಗಳು ಬಿಗಿ ಡಬ್ಬದ ಹಾಗಿರುತ್ತವಲ್ಲ, ಬೆಂಕಿಗೆ ಉಸಿರಾಡಲು ಹೊರಗಿನ ಗಾಳಿ ತರುವ ಬೇರೆ ಪೈಪೂ ಬೇಕಾಯಿತು.

ಬೇಸ್‌ಮೆಂಟಿನಲ್ಲಿ 6 ಅಡಿ ಅಗಲ, 8 ಅಡಿ ಉದ್ದ, 4 ಅಡಿ ಎತ್ತರದ ಮರದ ಕಣಜ ಮಾಡಿಸಿದೆವು. ಐದು ಟನ್ ಸರಿಯಾಗಿ ಕೂರುತ್ತದೆ. ಲಾರಿ ಬಂದು ಕಿಟಕಿಯಿಂದ ತಗಡಿನ ಜಾರು ಇಳಿಸಿ ಸುರಿದಾಗ ಬಂದ ಸದ್ದು ಕೇಳಬೇಕಿತ್ತು, ಒಣಗಿದ ಅಡಿಕೆಯನ್ನು ತಗಡಿನ ಮೇಲೆ ಸುರಿದ ಹಾಗೇ! ಅಮ್ಮನಿಗೆ ರೆಕಾರ್ಡ್ ಮಾಡಿ ಕಳಿಸಿದೆ.

ಸ್ನಾನದ ನೀರೂ ಸ್ಟೋಕರಿನ ಬೆಂಕಿಯಿಂದಲೇ ನಡೆಯುವ ಬಾಯ್ಲರಿನಲ್ಲಿ ಕಾಯುತ್ತದೆ. ಏಪ್ರಿಲಿನಲ್ಲಿ ಬೆಂಕಿ ಆರಿಸಿದ ಕೂಡಲೇ ಹೊಗೆ ಪೈಪು ಬಿಚ್ಚಿ ಪುಡಿಬೂದಿ ತೆಗೆಯಲೇಬೇಕು. ಸೆಕೆಗಾಲದ ತೇವ ಅದಕ್ಕೆ ತಾಗಿದರೆ ಆಸಿಡ್ ಆಗಿ ಕಬ್ಬಿಣ ತಿಂದುಹಾಕುತ್ತದೆ.

ಬೂದಿಯಂತೂ ರಾಶಿ. ಒಂದು ಚಳಿಗಾಲಕ್ಕೆ ಅರ್ಧ ಟನ್ನಿಗೂ ಮೇಲೆ. ಅದನ್ನು ನೋಡಿ ಅಮ್ಮ ವಿಡಿಯೋ ಕಾಲಿನಲ್ಲಿ ಕೇಳಿದಳು, “ತೋಟಕ್ಕೆ ಹಾಕ್ತೀಯಾ?”

“ಮರದ ಬೂದಿ ಅಲ್ಲಮ್ಮ, ಇದು ಗಿಡಕ್ಕೆ ಆಗಲ್ಲ.”

“ಪಾತ್ರೆ ತಿಕ್ಕೋಕೆ?”

“ಗೀರು ಬೀಳುತ್ತೆ.”

“ಮತ್ಯಾತಕ್ಕೆ ಬರುತ್ತೆ ಇದು?”

ಫೋನ್ ತಿರುಗಿಸಿ ತೋರಿಸಿದೆ. ಹೊರಗೆ ಇಳಿಜಾರಿನ ದಾರಿ ಪೂರ್ತಿ ಮಂಜುಗಡ್ಡೆ. ನನ್ನ ಗಂಡ ಬಕೆಟ್ ಹಿಡಿದು ಕೋಳಿಗೆ ಕಾಳು ಚೆಲ್ಲುವ ಹಾಗೆ ಬೂದಿ ಎರಚುತ್ತಾ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಕಾರಿನ ಕಡೆ ಇಳಿಯುತ್ತಿದ್ದರು.