ಗೇಟಿನ ಮುಂದೆ ಪೊಲೀಸ್ ಬೈಕು

ದಸರಾ ಮುಗಿದು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಅಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ವರ್ಷದ ಮೊದಲ ಅವರೆಕಾಯಿ ಸುಲಿಯುತ್ತಿದ್ದರು. ಗೇಟಿನ ಮುಂದೆ ಬೈಕು ನಿಂತ ಸದ್ದಾಯಿತು. ಅಮ್ಮ ಮೊರ ಬಿಟ್ಟು ಒಳಗೆ ಓಡಿಬಂದರು.

"ಲೋ, ಪೊಲೀಸ್ನೋರು ಬಂದವ್ರೆ. ಏನೋ ಮಾಡ್ಕೊಂಡಿದ್ದೀಯ?"

ನಾನೇನೂ ಮಾಡಿರಲಿಲ್ಲ. ಆದರೂ ಎದೆ ಧಸಕ್ ಎಂದಿತು. ಎಂದೋ ಸಿಗ್ನಲ್ ಹಾರಿಸಿದ್ದೆಲ್ಲ ನೆನಪಾಯಿತು. ಎದುರು ಮನೆಯ ಕಿಟಕಿಯ ಪರದೆ ಆಗಲೇ ಸರಿದಿತ್ತು.

ನಮ್ಮ ಮನೆಯಲ್ಲಿ ಈ ಭಯಕ್ಕೆ ಒಂದು ಕಥೆ ಇದೆ. 1998ರಲ್ಲಿ, ಆಗ ನಾವಿದ್ದ ಊರಿನಲ್ಲಿ, ಅಪ್ಪನ ಟಿವಿಎಸ್ ಮೊಪೆಡ್ ಕಳುವಾಯಿತು. ದೂರು ಕೊಡಲು ಹೋದರೆ ರೈಟರ್ ತಲೆ ಎತ್ತದೆ, "ಬಿಳಿ ಹಾಳೆ, ಕಾರ್ಬನ್ ತಗೊಂಡ್ಬನ್ನಿ" ಎಂದರಂತೆ. ತಂದುಕೊಟ್ಟರು. ಸಾಹೇಬರು ಇಲ್ಲ, ನಾಳೆ ಬನ್ನಿ. ಮಾರನೇ ದಿನವೂ ಅದೇ. ಮೂರನೇ ದಿನ ಸಾಹೇಬರು ಸಿಕ್ಕರು. "ಕಳವು ಅಂತ ಬರೀಬೇಡಿ, ಕಾಣೆಯಾಗಿದೆ ಅಂತ ಬರೀರಿ" ಎಂದರು. ಅಪ್ಪ ಹಾಗೇ ಬರೆದುಕೊಟ್ಟರು. ಕಳವು ಎಂದರೆ ಎಫ್‌ಐಆರ್ ಆಗಬೇಕು, ಠಾಣೆಯ ಲೆಕ್ಕದಲ್ಲಿ ಒಂದು ಅಪರಾಧ ಜಾಸ್ತಿಯಾಗುತ್ತದೆ. ಕಾಣೆಯಾದರೆ ಯಾರ ತಲೆಗೂ ಬರುವುದಿಲ್ಲ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಕಳವಿನಂಥ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ. ಗಾಡಿ ಹೋಗಿದ್ದನ್ನು ಅವರು ಮರೆತಿದ್ದರು. ತನ್ನ ಕೈಯಲ್ಲೇ ಸುಳ್ಳು ಬರೆಸಿಕೊಂಡಿದ್ದನ್ನು ಮರೆಯಲಿಲ್ಲ.

ಗೇಟಿನಲ್ಲಿ ನಿಂತಿದ್ದವರು ಇಬ್ಬರು. ಮೂವತ್ತರ ಆಸುಪಾಸಿನ ಕಾನ್‌ಸ್ಟೆಬಲ್, ಜೊತೆಗೊಬ್ಬ ಮಹಿಳಾ ಕಾನ್‌ಸ್ಟೆಬಲ್. "ಗಾಬರಿ ಆಗ್ಬೇಡಿ ಸರ್, ಮನೆ ಮನೆಗೆ ಪೊಲೀಸ್ ಅಂತ. ನಿಮ್ಮ ಬೀಟ್ ನಂದೇ." 2025ರಲ್ಲಿ ಸರ್ಕಾರ ಶುರುಮಾಡಿದ ಯೋಜನೆ. ಪೇಪರಿನಲ್ಲಿ ಓದಿ, ಫೋಟೋ ತೆಗೆಸಿಕೊಳ್ಳುವುದಕ್ಕೆ ಇರಬೇಕು ಎಂದು ನಕ್ಕಿದ್ದೆ.

ಅವರು ಬೂಟು ಬಿಚ್ಚಲು ಬಗ್ಗಿದರು. ಅಮ್ಮನಿಗೆ ಅದೇ ಸಾಕಾಯಿತು. "ಇರ್ಲಿ ಬಿಡಪ್ಪ, ಇಲ್ಲೇ ಕೂತ್ಕೊಳ್ಳಿ" ಎಂದು ಕುರ್ಚಿ ತಂದರು. ಕಾಫಿ ಬೇಡವೆಂದರು, ನೀರು ಕುಡಿದರು. ಮನೆಯಲ್ಲಿ ಎಷ್ಟು ಜನ, ವಯಸ್ಸಾದವರು ಒಬ್ಬರೇ ಇರುತ್ತಾರಾ, ಊರಿಗೆ ಹೋಗುವಾಗ ಮನೆ ಬೀಗ ಹಾಕಿದರೆ ತಿಳಿಸಿ, ಒಟಿಪಿ ಕೇಳಿ ಫೋನ್ ಬಂದರೆ ಕೊಡಬೇಡಿ, ದುಡ್ಡು ಹೋದರೆ ತಕ್ಷಣ 1930ಕ್ಕೆ ಮಾಡಿ. ಎಲ್ಲಾ ಬಾಯಿಪಾಠದ ಥರ ಇತ್ತು. ನಲವತ್ತು ಮನೆಗೆ ಹೇಳಿದ್ದನ್ನೇ ಹೇಳಿದರೆ ಇನ್ನು ಹೇಗಿರುತ್ತೆ, ಅಲ್ವಾ?

ಆದರೆ ಕೊನೆಗೆ, "ಅಮ್ಮಾ, ನಿಮಗೇನಾದ್ರೂ ತೊಂದರೆ ಇದ್ಯಾ?" ಎಂದಾಗ ಅಮ್ಮ ಸುಮ್ನೆ ಕೂರಲಿಲ್ಲ. ಮೂಲೆಯ ಖಾಲಿ ಸೈಟು. ಸಂಜೆ ಏಳಾದರೆ ಹುಡುಗರು ಬಾಟಲಿ ಹಿಡಿದು ಕೂರುತ್ತಾರೆ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಸುತ್ತು ಹಾಕಿಕೊಂಡು ಬರುತ್ತಾರೆ. ಮಹಿಳಾ ಕಾನ್‌ಸ್ಟೆಬಲ್ ಅದನ್ನು ಬರೆದುಕೊಂಡು, ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದರು. "ಸರಿಯಾಗಿದ್ಯಾ ಅಮ್ಮ?" ಆ ಹೊತ್ತಿಗೆ ನನಗೆ ಅಪ್ಪನ ಕಾರ್ಬನ್ ಹಾಳೆ ಕಣ್ಣಮುಂದೆ ಬಂತು.

ಹೋಗುವಾಗ ಒಂದು ಚೀಟಿಯಲ್ಲಿ ಮೊಬೈಲ್ ನಂಬರ್ ಬರೆದುಕೊಟ್ಟರು. ಅರ್ಜೆಂಟ್ ಇದ್ದರೆ 112, ಉಳಿದದ್ದಕ್ಕೆ ಇದು. ಅಮ್ಮ ಅದನ್ನು ಫ್ರಿಜ್ ಮೇಲೆ ಅಂಟಿಸಿದರು, ಗ್ಯಾಸ್ ಬುಕ್ಕಿಂಗ್ ನಂಬರಿನ ಪಕ್ಕ.

ನಾನು ಕಾದು ನೋಡೋಣ ಎಂದಿದ್ದೆ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಸಂಜೆ ಅದೇ ಬೈಕು ಮೂಲೆಯಲ್ಲಿ ನಿಂತಿತ್ತು. ಯಾರಿಗೂ ಹೊಡೆಯಲಿಲ್ಲ. ಹೆಸರು, ಮನೆ ಕೇಳಿ ಕಳಿಸಿದರು, ಅಷ್ಟೇ. ಮಾರನೇ ದಿನವೂ ಬಂದರು. ವಾರದ ಮೇಲೆ ಅಮ್ಮನಿಗೆ ಫೋನ್. "ಸೈಟ್ ಓನರ್ ಬೆಂಗಳೂರಲ್ಲಿದ್ದಾರೆ ಅಮ್ಮ, ಮಾತಾಡಿದೀನಿ, ತಂತಿ ಹಾಕಿಸ್ತೀನಿ ಅಂದಿದಾರೆ. ಹಾಕಿಸ್ದೆ ಇದ್ರೆ ಹೇಳಿ." ತಂತಿ ಇವತ್ತಿಗೂ ಅರ್ಧಕ್ಕೆ ನಿಂತಿದೆ. ಅಮ್ಮ ಮಾತ್ರ ಆ ಫೋನಿನ ವಿಷಯವನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು. ಪೊಲೀಸರೇ ಫೋನ್ ಮಾಡಿ ಏನಾಯಿತು ಎಂದು ಹೇಳಿದ್ದು ಅವರ ಆಯುಸ್ಸಿನಲ್ಲೇ ಮೊದಲು.

ಹೋದ ವಾರ ಎದುರು ಮನೆಯವರ ಸ್ಕೂಟರ್ ಕಳುವಾಯಿತು. ಅದೇ, ಪರದೆ ಸರಿಸಿ ನೋಡಿದವರು. ಸ್ಟೇಷನ್ನಿಗೆ ಯಾಕೆ ಸುಮ್ನೆ ಎಂದು ಅವರು ಗೊಣಗುತ್ತಿದ್ದರೆ, ಅಮ್ಮ ಫ್ರಿಜ್ ಮೇಲಿನ ಚೀಟಿ ಕಿತ್ತು ತಂದು ಅವರ ಕೈಗಿಟ್ಟರು. ಕಾನ್‌ಸ್ಟೆಬಲ್ ಫೋನ್ ಎತ್ತಿದರು. ಅವರಿಗೆ ಬೇರೆ ಠಾಣೆಗೆ ವರ್ಗವಾಗಿತ್ತು. ಆದರೂ ಯಾರನ್ನು ನೋಡಬೇಕೆಂದು ಹೇಳಿದರು. ನಾನೂ ಜೊತೆಗೆ ಹೋದೆ. ಎಫ್‌ಐಆರ್ ಪ್ರತಿ ಅವತ್ತೇ ಕೈಗೆ ಬಂತು, ದುಡ್ಡು ಕೇಳಲಿಲ್ಲ. ಅದರಲ್ಲಿ 'ಕಳ್ಳತನ' ಎಂಬ ಪದ ಇದೆಯಾ ಎಂದು ಎರಡು ಸಲ ನೋಡಿದೆ. ಇತ್ತು.

ಸ್ಕೂಟರ್ ಇನ್ನೂ ಸಿಕ್ಕಿಲ್ಲ. ಚೀಟಿ ಮತ್ತೆ ಫ್ರಿಜ್ ಮೇಲಿದೆ. "ಹೊಸಬ್ರು ಯಾವಾಗ ಬತ್ತಾರಂತೆ?" ಎಂದು ಅಮ್ಮ ದಿನಾ ಕೇಳುತ್ತಾರೆ.